ಆರು ಮಹಡಿಯ ಕತ್ತಲು

ನವೆಂಬರ್ 4, ಮಂಗಳವಾರ. ಮಧ್ಯಾಹ್ನ 3.30

ಊಟದ ಗದ್ದಲ ಮುಗಿಯಿತು. ಮಾರ್ಕೆಟ್ ಯಾರ್ಡಿನ ಹಮಾಲರ ಕೊನೆಯ ತಂಡ ಈಗಷ್ಟೇ ಎದ್ದು ಹೋಯಿತು. ಗಂಡ ಸದಾನಂದ ಒಳಗೆ ಮಲಗಿದ್ದಾರೆ. ಸಂಜೆಯ ಚಹಾದವರೆಗೂ ಹೋಟೆಲಿನ ಯಜಮಾನಿಕೆ ನನ್ನದು.

ಕೌಂಟರಿನ ಕೆಳಗೆ ಲ್ಯಾಪ್‌ಟಾಪ್ ತೆರೆದಿದೆ. ಕಲ್ಲಿಟ್ಟು ಲೋಕ ಕಟ್ಟುವ ಆಟ; ಅದರೊಳಗೆ ನಾನು ಕಟ್ಟಿದ ಎಲುಬಿನ ಫಾರ್ಮಿನ ಬುಡದ ಕೋಣೆಯಲ್ಲಿ ನನ್ನ ಗೊಂಬೆ ನಿಂತಿದೆ. ಅದು ಅಲ್ಲಿ ನಿಂತಿದ್ದರೆ ಮೇಲಿನ ಆರು ಮಹಡಿಗಳ ಕತ್ತಲಲ್ಲಿ ಅಸ್ಥಿಪಂಜರಗಳು ತಾವಾಗಿ ಹುಟ್ಟುತ್ತವೆ. ನೀರು ಅವನ್ನು ತಳ್ಳುತ್ತದೆ, ಬಾವಿಯಂಥ ಕಿಂಡಿಯಲ್ಲಿ ಬಿದ್ದು ಪುಡಿಯಾಗುತ್ತವೆ, ಎಲುಬು ನನ್ನ ಪೆಟ್ಟಿಗೆಗೆ. ನಾನು ಕಾಯಬೇಕು, ಅಷ್ಟೇ. ಕಾಯುವ ಹೊತ್ತಿನಲ್ಲಿ ಇದನ್ನು ಬರೆಯುತ್ತೇನೆ.

ಸುದ್ದಿ: ಆಟಕ್ಕೆ ಹೊಸ ಅಪ್‌ಡೇಟ್, ಇದೇ 18ಕ್ಕೆ. ಇಷ್ಟು ದಿನ ಮಬ್ಬು ಬೆಳಕಿದ್ದರೂ ಈ ಅಸ್ಥಿಪಂಜರದಂಥ ಮಾಬ್‌ಗಳು ಹುಟ್ಟುತ್ತಿದ್ದವು. ಇನ್ನು ಪೂರ್ತಿ ಕತ್ತಲೇ ಬೇಕಂತೆ. ಎಷ್ಟೋ ಜನರ ಫಾರ್ಮ್ ನಿಲ್ಲುತ್ತದೆ ಎಂದು ಎಲ್ಲ ಕಡೆ ಬರೆಯುತ್ತಿದ್ದಾರೆ.

ಹಡಪಸರದ ಆಫೀಸಿನಿಂದ ತಮ್ಮ ಸುಖೇಶ್ ಫೋನ್ ಮಾಡಿದ್ದ. ನಾವೆಲ್ಲ ಒಟ್ಟಿಗೆ ಕಟ್ಟಿದ ವರ್ಲ್ಡ್ ಇರುವ ಸರ್ವರ್ ಅವನದು. "ಅಕ್ಕ, ನಿನ್ನ ಫಾರ್ಮ್ ನಿಂತ್ರೆ ಈ ವರ್ಲ್ಡ್ ಇಟ್ಕೊಂಡು ಎಂತ ಮಾಡುದು? ಇದನ್ನು ಅಳಿಸಿ ಹೊಸತು ಶುರು ಮಾಡುವ."

ಅವನ ಮಾತಿನಲ್ಲಿ ಸುಳ್ಳಿಲ್ಲ. ಆಟದಲ್ಲಿ ಎಲ್ಲರ ಹೊಲಕ್ಕೂ ಗೊಬ್ಬರ ನನ್ನ ಎಲುಬಿನಿಂದಲೇ. ಆದರೆ ಹೋಟೆಲಿನ ಬೋರ್ಡಿನಲ್ಲಿ ಇರುವುದು ಮಾವನ ಹೆಸರು. ಫಾರ್ಮಿನ ಬಾಗಿಲಿಗೆ 'ಪ್ರಫುಲ್ಲಾ' ಎಂದು ಬೋರ್ಡು ಹಾಕಿದ್ದು ನಾನು. ಪ್ರತಿ ಕಲ್ಲೂ ನಾನಿಟ್ಟದ್ದು. ಅಳಿಸಲು ಬಿಡುವುದಿಲ್ಲ.

ನವೆಂಬರ್ 9, ಭಾನುವಾರ

ಗೆದ್ದೆವು!

ಅಪ್‌ಡೇಟಿನ ಟ್ರಯಲ್ ಆವೃತ್ತಿ ಮೊದಲೇ ಸಿಗುತ್ತದೆ. ಇಳಿಸಿಕೊಂಡೆ. ಖಾಲಿ ಬಯಲಿನಲ್ಲಿ ಫಾರ್ಮಿನ ಒಂದು ನಕಲು ಕಟ್ಟಿದೆ — ಅದೇ ಗೋಡೆ, ಅದೇ ಕಾಲುವೆ, ಅದೇ ಕಿಂಡಿ. ಕಾಲುವೆಗಳ ಅಳತೆ ಶಿವರಾಜ ಹೇಳಿದರು. ಯಾರ್ಡಿನಲ್ಲಿ ಈರುಳ್ಳಿ ಮಂಡಿ ಅವರದು, ಗದಗದವರು, ನಮ್ಮ ಜೊತೆ ಆಡುತ್ತಾರೆ, ಅಸಲು ಫಾರ್ಮಿಗೆ ನೀರು ಹರಿಸಿದವರೂ ಅವರೇ. ಚಹಾಕ್ಕೆ ಬಂದವರು ಸ್ಕ್ರೀನಿನತ್ತ ಬಗ್ಗಿ ನೋಡಿ, ತಣ್ಣಗೆ ಒಂದು ಮಾತು ಬಿಟ್ಟರು.

"ಹೊರಗ ಶುದ್ಧ ಶಾಕಾಹಾರಿ ಅಂತ ಬೋರ್ಡ್ ಹಚ್ಚಿ, ಕೌಂಟರ್ ಬುಡಕ ಎಲುಬಿನ ವ್ಯಾಪಾರ ನಡಸೀರಲ್ರೀ ಅಕ್ಕಾರ."

ಪಕ್ಕದ ಟೇಬಲಿನವರು ತಿರುಗಿ ನೋಡಿದರು. ನಾನು ಲ್ಯಾಪ್‌ಟಾಪ್ ಅರ್ಧ ಮುಚ್ಚಿದೆ.

ಫಲಿತಾಂಶ: ಹೊಸ ನಿಯಮದಲ್ಲಿ ನಕಲು ಫಾರ್ಮ್ ಮೊದಲಿಗಿಂತ ಜೋರಾಗಿ ಓಡುತ್ತಿದೆ. ಸುತ್ತ ಮಾಬ್‌ಗಳು ಹಂಚಿಹೋಗುವ ಗುಹೆಗಳಿಲ್ಲದ ಬಯಲಾದ್ದರಿಂದ ಇರಬಹುದು. ಅದನ್ನು ಕಳೆದರೂ ಭಯಪಡುವಂಥದ್ದೇನಿಲ್ಲ. ಸುಖೇಶನಿಗೆ ಫೋಟೋ ಕಳಿಸಿದೆ. ಉತ್ತರವಾಗಿ ಒಂದು ಹೆಬ್ಬೆರಳಿನ ಚಿತ್ರ ಬಂತು.

ನವೆಂಬರ್ 18, ಮಂಗಳವಾರ. ಮಧ್ಯಾಹ್ನ 4

ಅಪ್‌ಡೇಟ್ ಬಂತು. ಗೊಂಬೆಯನ್ನು ನಿಲ್ಲಿಸಿದೆ. ಕಾದೆ.

ಪೆಟ್ಟಿಗೆ ಖಾಲಿ.

ನವೆಂಬರ್ 20, ಗುರುವಾರ

ಈಗಲೂ ಖಾಲಿ. ಅಲ್ಲೊಂದು ಇಲ್ಲೊಂದು ಎಲುಬು, ಗೊಬ್ಬರಕ್ಕೆ ಸಾಲದು. ಕಾಲುವೆ ಸರಿ ಇದೆ. ಗೋಡೆಯಲ್ಲಿ ತೂತಿಲ್ಲ. ನಕಲು ಮಾತ್ರ ಇವತ್ತಿಗೂ ಓಡುತ್ತಿದೆ... ಅದೇ ಆವೃತ್ತಿಯಲ್ಲಿ!

ಭಾನುವಾರ ಸಂಜೆ ಐದಕ್ಕೆ ವೋಟ್ ಎಂದು ಸುಖೇಶ್ ಆಟದ ಗ್ರೂಪಿನಲ್ಲಿ ಹಾಕಿದ್ದಾನೆ. ಹಳೆಯ ವರ್ಲ್ಡೋ, ಹೊಸದೋ. ನಮ್ಮ ಜೊತೆ ಆಡುವ ಭೋಸರಿಯ ಮಧುಕರ್ ಆಗಲೇ ಹೊಸದರ ಕಡೆ. ಅವನ ಗೋಧಿ ಹೊಲ ಗೊಬ್ಬರವಿಲ್ಲದೆ ನಿಂತಿದೆ. ತಪ್ಪು ಅವನದಲ್ಲ. ಉಳಿದವರೂ ಅವನ ಹಿಂದೆ ಹೋಗುತ್ತಾರೆ.

ಮಧ್ಯಾಹ್ನ ಒಬ್ಬರ ಇಡ್ಲಿಗೆ ದೋಸೆಯ ಬಿಲ್ ಹಾಕಿದೆ. ಸದಾನಂದ ನೋಡಿ ಬಿಲ್ ತಿದ್ದಿದರು.

ನವೆಂಬರ್ 22, ಶನಿವಾರ. ಸಂಜೆ

ಸಿಕ್ಕಿತು. ಸಿಕ್ಕಿತು!

ಶಿವರಾಜರ ಮಾತಿನಿಂದಲೇ ಶುರುವಾದದ್ದು. ನಾನು ಅಪ್‌ಡೇಟ್ ಮಾಡಿದವರಿಗೆ ಬೈಯುತ್ತಿದ್ದೆ. ಅವರು ಚಹಾ ಊದುತ್ತಾ ಅಂದರು: "ಬೈದು ಏನ್ ಆಗೂದದ ಬಿಡ್ರಿ. ನಕಲಿನ್ಯಾಗ ಇಲ್ಲದ್ದು ಅಸಲಿನ್ಯಾಗ ಏನೋ ಅದ. ಒಂದೊಂದ ಮಾಳಿಗಿ ಒಳಗ ಹೊಕ್ಕು ನೋಡ್ರಿ."

ಹೊಕ್ಕೆ. ಎರಡು ವರ್ಷದಿಂದ ಆ ಮಹಡಿಗಳಿಗೆ ಕಾಲಿಟ್ಟಿರಲಿಲ್ಲ. ಮೊದಲ ಮಹಡಿಯಲ್ಲಿ ಗೋಡೆ ನೋಡಿದೆ, ನೆಲ ನೋಡಿದೆ, ಎಲ್ಲ ಸರಿ ಎಂದು ಹೊರಟೆ. ಆಮೇಲೆ ನಿಂತೆ. ನನಗೆ ಗೋಡೆ ಕಾಣಿಸುತ್ತಿದೆ. ಏಕೆ ಕಾಣಿಸುತ್ತಿದೆ?

ನಡುವಿನ ಕಂಬದ ಗೂಡಿನಲ್ಲಿ ದೀಪ.

ಆರೂ ಮಹಡಿಗಳಲ್ಲಿ. ಇಟ್ಟವಳು ನಾನೇ. ನಮ್ಮವರು ಎಲ್ಲಿ ಹೋಟೆಲ್ ತೆರೆದರೂ ಒಲೆಗಿಂತ ಮೊದಲು ದೇವರ ದೀಪ. ಒಂದೊಂದು ಮಹಡಿ ಮುಗಿದಾಗಲೂ ಕೈ ತಾನಾಗಿ ಇಟ್ಟಿತ್ತು. ಹಳೆಯ ನಿಯಮದಲ್ಲಿ ಆ ಮಂದ ಬೆಳಕು ಯಾರಿಗೂ ಅಡ್ಡಿಯಾಗಲಿಲ್ಲ. ನಕಲು ಕಟ್ಟುವಾಗ ನೆನಪಿಗೂ ಬರಲಿಲ್ಲ, ಏಕೆಂದರೆ ಅದು ಯಂತ್ರದ ಭಾಗ ಎಂದು ನಾನು ಯಾವತ್ತೂ ಎಣಿಸಿಯೇ ಇಲ್ಲ.

ಒಡೆದು ತೆಗೆದರೆ ಕೆಲಸ ಮುಗಿಯಿತು. ಆಟದ ದೀಪ, ಎಣ್ಣೆಯಿಲ್ಲ, ಬತ್ತಿಯಿಲ್ಲ. ಆದರೂ ಮೌಸ್ ಒತ್ತಲು ಬೆರಳು ಬರಲಿಲ್ಲ. ಕತ್ತಲು ಮಾಡುವುದಕ್ಕೆ ಅಂತ ದೀಪ ತೆಗೆದವಳಲ್ಲ ನಾನು.

ಸದಾನಂದರನ್ನು ಕೇಳಿದೆ — ಒಂದು ಜಾಗದಲ್ಲಿ ಇಟ್ಟ ದೀಪ ತೆಗೆಯಬಹುದಾ ಅಂತ. ಅವರು ಚಟ್ನಿಗೆ ಉಪ್ಪು ನೋಡುತ್ತಿದ್ದರು.

"ಪೈಂಟಿಂಗ್ ಮಾಡಿಸುವಾಗ ದೇವರನ್ನು ಎಂತ ಮಾಡ್ತೇವೆ ಮಾರಾಯ್ತಿ? ಮೇಲಿಂದ ಕೌಂಟರಿಗೆ ತಂದು ಕೂರಿಸ್ತೇವೆ. ದೇವರಿಗೆ ಜಾಗದ ಹಠ ಇಲ್ಲ." ಚಿಟಿಕೆ ಉಪ್ಪು ಉದುರಿಸಿ, "ಯಾಕೆ, ಎಲ್ಲಿದು?"

ಕಂಪ್ಯೂಟರಿನಲ್ಲಿ ಎಂದೆ. ನನ್ನನ್ನೇ ನೋಡಿದರು. ಮತ್ತೆ ಚಟ್ನಿಯ ಕಡೆ ತಿರುಗಿದರು.

ಸಂಜೆಯ ಜನ ಬರುತ್ತಿದ್ದಾರೆ. ನಾಳೆ.

ನವೆಂಬರ್ 23, ಭಾನುವಾರ. ಮಧ್ಯಾಹ್ನ 4.15

ಆರೂ ದೀಪ ಬುಡದ ಕೋಣೆಗೆ ಬಂದವು. ನನ್ನ ಗೊಂಬೆಯ ಮುಂದೆ ಸಾಲಾಗಿ ಇಟ್ಟಿದ್ದೇನೆ. ನಡುವೆ ಎಷ್ಟೋ ಆಳದ ಕಲ್ಲಿದೆ, ಬೆಳಕು ಮೇಲೆ ಹೋಗುವುದಿಲ್ಲ. ಮಹಡಿಗಳಲ್ಲಿ ಈಗ ನನ್ನ ಕೈಯೇ ನನಗೆ ಕಾಣದು. ಪೆಟ್ಟಿಗೆಯನ್ನು ಹತ್ತು ಸಲ ತೆರೆದು ನೋಡಿದೆ. ಎರಡು ಮಕ್ಕಳ ತಾಯಿಗೆ ಇದೆಲ್ಲ...

ಅದೇ ದಿನ, 4.40

ಇನ್ನೂ ಒಂದು ಎಲುಬಿಲ್ಲ.

ಕಾರಣ ಗೊತ್ತಾಯಿತು, ಅಳುವುದೋ ನಗುವುದೋ. ವೋಟಿಗೆ ಮೊದಲು ನೋಡೋಣವೆಂದು ಗ್ರೂಪಿನವರೆಲ್ಲ ಆಟದೊಳಗೆ ಬಂದು ಫಾರ್ಮಿನ ಛಾವಣಿ ಮೇಲೆ ನಿಂತಿದ್ದಾರೆ. ಮಧುಕರ್ ಕಿಟಕಿ ಕೊರೆದು ಇಣುಕುವಷ್ಟರಲ್ಲಿದ್ದ. ಆಡುವವರು ಅಷ್ಟು ಹತ್ತಿರ ಇದ್ದರೆ ಮಾಬ್ ಹುಟ್ಟುವುದಿಲ್ಲ. ಈ ನಿಯಮ ಮೊದಲಿನಿಂದಲೂ ಇದೆ, ಅದಕ್ಕೇ ನನ್ನ ಕೋಣೆ ಅಷ್ಟು ಕೆಳಗೆ. ಎಲ್ಲರೂ ಫಾರ್ಮಿನ ಸುತ್ತಲ ಕೆರೆ ದಾಟಿ ದಡಕ್ಕೆ ಹೋಗಿ ಎಂದು ಮರಾಠಿಯಲ್ಲಿ ಬರೆದೆ. ಐದು ನಿಮಿಷ ನೋಡಿ ಹೋಗುತ್ತೇವೆ ಎಂದು ಮಧುಕರ್. ಊಟ ಮುಗಿಸಿ ಟೇಬಲ್ ಬಿಡದವರಿಗೆ ಹೇಳುವ ದನಿಯಲ್ಲೇ ಮತ್ತೊಮ್ಮೆ ಬರೆದೆ. ಸುಖೇಶ್ ಮೊದಲು ನೀರಿಗೆ ಜಿಗಿದ — ಆ ದನಿ ಅವನಿಗೆ ಚಿಕ್ಕಂದಿನಿಂದ ಗೊತ್ತು. ಉಳಿದವರು ಹಿಂದೆ ಹೋದರು.

4.55

ಛಾವಣಿ ಖಾಲಿ. ದಡದಲ್ಲಿ ಎಲ್ಲರೂ ಸಾಲಾಗಿ ನಿಂತಿದ್ದಾರೆ.

"ಅಕ್ಕ, ವೋಟ್ ಶುರು ಮಾಡುದಾ?"

ತಡಿ ಎಂದೆ.

ನೀರಿನ ಸದ್ದು. ಬರೇ ನೀರಿನ ಸದ್ದು. ಅದರೊಳಗೆ ಇನ್ನೇನೋ — ಒಣ ಕಟ್ಟಿಗೆ ಉಜ್ಜಿದ ಹಾಗೆ. ಒಂದು ಬಿತ್ತು. ಇನ್ನೊಂದು. ಈಗ ಒಟ್ಟಿಗೆ ಮೂರೋ ನಾಲ್ಕೋ. ಎಣಿಸುವುದು ಬಿಟ್ಟೆ. ಪೆಟ್ಟಿಗೆಯ ಫೋಟೋ ಗ್ರೂಪಿಗೆ ಹಾಕಿದೆ. ಮೇಲಿನಿಂದ ಬೀಳುವುದು ನಿಂತಿಲ್ಲ.

ಮೊದಲು ಬರೆದವನು ಮಧುಕರ್. ಅಕ್ಕ, ನನ್ನ ಹೊಲಕ್ಕೆ ಒಂದು ಚೀಲ ಇಡಿ, ವೋಟ್ ಆಮೇಲೆ ನೋಡೋಣ. ಅದರ ಕೆಳಗೆ ಶಿವರಾಜ: "ಸಾಲಿಗೆ ನಿಲ್ಲೋ ಮಧುಕರಾ, ನಂದು ಮೊದಲ ಅದ." ಆಮೇಲೆ ಒಬ್ಬರ ಹಿಂದೆ ಒಬ್ಬರು, ನನಗೆ, ನನಗೆ. ವೋಟಿನ ಮಾತು ಮೇಲೆ ಸರಿದು ಕಾಣೆಯಾಯಿತು. ಸುಖೇಶ್ ಫೋನ್ ಮಾಡುತ್ತಿದ್ದಾನೆ. ಎತ್ತಬೇಕು. ಆದರೆ ಎಲ್ಲರೂ ಮತ್ತೆ ಇತ್ತ ಓಡಿ ಬರುತ್ತಿದ್ದಾರೆ, ಹತ್ತಿರ ಬಂದರೆ ನಿಂತುಹೋಗುತ್ತದೆ, ಅಲ್ಲೇ ನಿಲ್ಲಿ ಎಂದು ಮೊದಲು ಬರೆಯಬೇಕು.