ನೀನು ಕೇಳಿದ್ದ ‘ಬೇಡ’

ಮಾರ್ಚ್ ೧೪, ಗುರುವಾರ

ಪ್ರೀತಿಯ ಗಿಣಿ,

ನಾವಿಬ್ಬರೂ ಕ್ಷೇಮ. ನೀನೂ ಮನೆಯವರೂ ಹಾಗೇ ಇದ್ದೀರಿ ಎಂದುಕೊಂಡಿದ್ದೇನೆ. ನಿನ್ನ ಪತ್ರ ಬಂದಾಗ ನಿನ್ನ ಮಗಳು ಇನ್ನೂ ಇಲ್ಲಿಗೆ ಕಾಲಿಟ್ಟಿರಲಿಲ್ಲ. ಈಗ ಅವಳು ಹೊರಡುವ ಹೊತ್ತಾಯಿತು, ನನ್ನ ಉತ್ತರ ಇವತ್ತು ಹುಟ್ಟುತ್ತಿದೆ. ಕೆಲಸದ ನೆಪ ಹೇಳಬಹುದಿತ್ತು, ಆದರೆ ಹಾಸ್ಟೆಲಿನ ದಿನಗಳಿಂದ ನಿನಗೆ ನಾನು ಗೊತ್ತು. ಏನು ಬರೆಯಬೇಕೆಂದು ತೋಚದೆ ಸುಮ್ಮನಿದ್ದೆ. ಫೋನಿನಲ್ಲಾದರೆ ನೀನು ನನಗೆ ಬಾಯಿ ತೆರೆಯಲು ಬಿಡುವುದಿಲ್ಲ. ಆದ್ದರಿಂದ ಈ ಕಾಗದವನ್ನು ಅಂಟಿಸಿ ಅವಳ ಚೀಲದಲ್ಲೇ ಕಳಿಸುತ್ತಿದ್ದೇನೆ.

ನೀನು ಕೇಳಿದ್ದು ಇಷ್ಟು. ಮಗಳು ಮೇಷ್ಟರಗಿರಿ ಬಿಟ್ಟು ಪರದೇಶದಲ್ಲಿ ಮಿಷನ್ ಸೇವೆಗೆ ಹೋಗುತ್ತೇನೆಂದು ಹಟ ಹಿಡಿದಿದ್ದಾಳೆ. ಸಂಸ್ಥೆಯವರು ಮೊದಲು ಒಂದು ತಿಂಗಳು ಇದ್ದು ನೋಡಿ ಬಾ ಎಂದು ನಮ್ಮ ಕೃತಕ ಕಾಲಿನ ಕಾರ್ಯಾಗಾರಕ್ಕೇ ಕಳಿಸುತ್ತಿದ್ದಾರೆ. ಕೊನೆಯಲ್ಲಿ ನನ್ನನ್ನು ಕೇಳುತ್ತಾರೆ. ಆಗ ನಾನು, ಇವಳ ಕೈಲಿ ಆಗುವುದಿಲ್ಲ, ಬೇಡ ಎಂದುಬಿಡಬೇಕು. ಒಬ್ಬಳೇ ಮಗಳು ಎಂದು ಬರೆದ ಕಡೆ ನಿನ್ನ ಅಕ್ಷರ ಸೊಟ್ಟಗಾಗಿತ್ತು.

ಹೀಗೆ ನೋಡಿಹೋಗಲು ಬಂದ ಎಷ್ಟು ಜನರನ್ನು ಕಂಡಿದ್ದೇನೋ. ಕೆಲವರು ಕಾಲಿಲ್ಲದವರನ್ನು ಕಂಡು ಮೊದಲ ದಿನವೇ ಅಳುತ್ತಾರೆ. ಅವರಿಗೆ ನೀರು ಕೊಟ್ಟು ಕೂರಿಸುವುದು ನನಗೊಂದು ಕೆಲಸ. ಕೆಲವರು ಎರಡನೇ ದಿನ ನಮ್ಮವರಿಗೆ ಕೃತಕ ಕಾಲು ಮಾಡುವುದು ಹೇಗೆಂದು ಪಾಠ ಹೇಳುತ್ತಾರೆ. ನಮ್ಮವರು ಈ ಕಾರ್ಯಾಗಾರ ಶುರು ಮಾಡಿದಾಗ ಈ ಮಕ್ಕಳು ಹುಟ್ಟಿಯೂ ಇರಲಿಲ್ಲ. ಪಾಪ, ಒಳ್ಳೆಯ ಮನಸ್ಸಿನವರೇ. ಹೊರಡುವಾಗ ಎಲ್ಲರೂ ನನ್ನನ್ನು ತಬ್ಬಿಕೊಂಡು, ಮತ್ತೆ ಬರುತ್ತೇವೆ ಅನ್ನುತ್ತಾರೆ. ನಾನು ಹೂಂ ಅಂದು ಅವರ ಹೊದಿಕೆ ಒಗೆಯಲು ಹಾಕುತ್ತೇನೆ.

ನಿನ್ನ ಮಗಳ ವಿಷಯದಲ್ಲಿ ಮಾತ್ರ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕೂತೆ. ತಪ್ಪುಗಳು ಬೇಕಾದಷ್ಟು ಸಿಕ್ಕವು. ದೀಪ ಆರಿಸುವುದಿಲ್ಲ. ಹಾಲು ಉಕ್ಕಿಸಿ ಒಲೆಯನ್ನೆಲ್ಲ ರಾಡಿ ಮಾಡುತ್ತಾಳೆ. ಇಲ್ಲಿಯ ಭಾಷೆಯನ್ನು ತಪ್ಪುತಪ್ಪಾಗಿ ಮಾತಾಡುತ್ತಾಳೆ, ಎದುರಿನವರಿಗೆ ಅರ್ಥವಾಗದಿದ್ದರೆ ಅದೇ ತಪ್ಪನ್ನು ಇನ್ನೂ ಜೋರಾಗಿ ಹೇಳುತ್ತಾಳೆ. ಇದು ಯಾರಿಂದ ಬಂತೆಂದು ನಾನು ಹೇಳಬೇಕಾಗಿಲ್ಲ.

ಒಂದು ದಿನ ಕಾಲಿನ ಅಚ್ಚು ತೆಗೆಯುವ ಪ್ಲಾಸ್ಟರ್ ಮುಗಿದುಹೋಗಿ ಕಾರ್ಯಾಗಾರ ಮುಚ್ಚಿತ್ತು. ಇಂಥ ದಿನ ಬಂದವರೆಲ್ಲ ಚಡಪಡಿಸುತ್ತಾರೆ. ದೇವರ ಕೆಲಸಕ್ಕೆಂದು ಬಂದು ಸುಮ್ಮನೆ ಕೂರುವುದು ಹೇಗೆಂದು ನನ್ನ ಅಡುಗೆಮನೆ ಜೋಡಿಸಲು ನಿಲ್ಲುತ್ತಾರೆ. ಆಮೇಲೆ ಒಂದು ವಾರ ನನಗೆ ಸಕ್ಕರೆ ಡಬ್ಬ ಸಿಗುವುದಿಲ್ಲ. ಇವಳು ಕೆಲಸವಿಲ್ಲ ಎಂದ ಕೂಡಲೇ ಮಲಗಿ ಮಧ್ಯಾಹ್ನದವರೆಗೆ ಗೊರಕೆ ಹೊಡೆದಳು. ಇವಳು ಇಲ್ಲಿ ನಿಲ್ಲುವ ಹುಡುಗಿ ಎಂದು ನನಗೆ ಮೊದಲ ಸಲ ಭಯವಾದದ್ದು ಅವತ್ತೇ.

ಆದರೆ ನೀನು ಬೇಕೆಂದ ‘ಬೇಡ’ ಕೂಡ ತಾನಾಗಿಯೇ ನನ್ನ ಕೈಗೆ ಬಂದಿತ್ತು, ಕೇಳು. ಒಬ್ಬ ಲಾರಿ ಡ್ರೈವರು ಹೊಸ ಕಾಲು ಹಾಕಿಸಿಕೊಳ್ಳಲು ಬರುತ್ತಿದ್ದ. ಕೋಪ ಅವನಿಗೆ ಮೂಗಿನ ತುದಿಯಲ್ಲೇ. ನಮ್ಮಲ್ಲಿ ಉದ್ದಕ್ಕೆ ಎರಡು ಕಬ್ಬಿಣದ ಸರಳು ಹಾಕಿದ್ದೇವೆ, ಅವನ್ನು ಹಿಡಿದುಕೊಂಡು ನಡೆಯಲು ಕಲಿಯಬೇಕು. ಪಕ್ಕದಲ್ಲಿ ನಡೆಯುವುದು ನಿನ್ನ ಮಗಳ ಕೆಲಸ. ಒಂದು ಬೆಳಿಗ್ಗೆ ಅವನು, ಕಾಲು ಚುಚ್ಚುತ್ತದೆ ಎಂದು ಬಿಚ್ಚಿ ಎಸೆದ. ಅದು ಹೋಗಿ ಗೋಡೆಗೆ ಬಡಿಯಿತು. ನಿನ್ನ ಮಗಳು ತರಗತಿಯಲ್ಲಿ ಹೇಳುವ ಹಾಗೆ ಹೇಳಿದಳು, "ಎಸೆದವರೇ ಎತ್ಕೊಂಡು ಬನ್ನಿ."

ಒಂಟಿ ಕಾಲಿನವನಿಗೆ ಹೇಳುವ ಮಾತೇ ಅದು? ಆಡಿದ ಮೇಲೆ ಅವಳಿಗೇ ಹೊಳೆಯಿತು, ಮುಖ ಸಣ್ಣಗಾಯಿತು. ಹೊರಗೆ ಓಡಿ ಅಳುತ್ತಾಳೆ ಎಂದುಕೊಂಡೆ. ಇಲ್ಲ. ಅವನ ಪಕ್ಕದಲ್ಲಿ ನೆಲದ ಮೇಲೆ ಕೂತು, ತಪ್ಪಾಯಿತು ಎಂದು ಆ ಹರುಕುಮುರುಕು ಭಾಷೆಯಲ್ಲಿ ಹೇಳಿದಳು. ಅವನು ಮುಖ ತಿರುಗಿಸಿಕೊಂಡ. ಊಟದ ಹೊತ್ತಿನವರೆಗೂ ಇಬ್ಬರೂ ಹಾಗೇ ಕೂತಿದ್ದರು. ಕೊನೆಗೆ ನಮ್ಮವರು ಕಾಲು ಎತ್ತಿಕೊಂಡು ನೋಡಿದರೆ, ಒಳಗೆ ಒಂದು ಕಡೆ ಅಂಚು ನಿಜವಾಗಿಯೂ ಒತ್ತುತ್ತಿತ್ತು.

ಕೆಲಸದವರಲ್ಲಿ ಯಾರಾದರೂ ಹೀಗೆ ಅಂದಿದ್ದರೆ ಅವತ್ತೇ ಮನೆಗೆ ಕಳಿಸುತ್ತಿದ್ದೆ ಎಂದು ನಮ್ಮವರು ನನ್ನೊಡನೆ ಅಂದರು. ಡ್ರೈವರು ಮಾರನೆಯ ದಿನ ಅವಳು ತನ್ನ ಹತ್ತಿರ ಬರುವುದೇ ಬೇಡ ಅಂದ. ಅವಳು ಕಾಲಿಗೆ ಕಟ್ಟುವ ಬೆಲ್ಟು ಹೊಲಿಯುವ ಮೂಲೆಗೆ ಹೋದಳು. ಒಂದು ವಾರವಾದ ಮೇಲೆ ಅವನೇ ಕರೆದು, ನೀನು ನಮ್ಮನ್ನೆಲ್ಲ ನಿಮ್ಮ ಧರ್ಮಕ್ಕೆ ಸೇರಿಸಲು ಬಂದವಳಾ ಎಂದು ಕೇಳಿದನಂತೆ. ನಾನು ಇಲ್ಲಿಗೆ ಲಾಯಕ್ಕೋ ಅಲ್ಲವೋ ನೋಡಿಕೊಳ್ಳಲು ಬಂದವಳು, ನೀವೇ ಹೇಳಿ ಅಂದಳಂತೆ ಇವಳು. ಇನ್ನೂ ಗೊತ್ತಿಲ್ಲ, ಸದ್ಯಕ್ಕೆ ಪಕ್ಕದಲ್ಲಿ ನಡಿ ಎಂದನಂತೆ.

ಹೋದ ಶನಿವಾರ ಒಣಗಿದ ಬಟ್ಟೆ ಮಡಚುವಾಗ ಅವಳಾಗಿಯೇ ವಿಷಯ ತೆಗೆದಳು.

"ದೊಡ್ಡಮ್ಮ, ಅಮ್ಮ ನಿಮಗೆ ಏನೋ ಬರೆದಿದಾರೆ ಅಂತ ನಂಗೊತ್ತು. ನೀವು ಬೇಡ ಅಂದ್ರೆ ನಾನು ವಾದ ಮಾಡಲ್ಲ. ಆದ್ರೆ ಅಮ್ಮನ ಹೆದರಿಕೆ ನೋಡಿ ಹೇಳ್ಬೇಡಿ, ನನ್ನ ನೋಡಿ ಹೇಳಿ."

ಇದನ್ನು ಬರೆಯುವಾಗ ನಿನ್ನ ಮೇಲೆ ನನಗೆ ಹೊಟ್ಟೆಕಿಚ್ಚಾಗುತ್ತಿದೆ, ಸುಳ್ಳೇಕೆ ಹೇಳಲಿ.

ಸೋಮವಾರ ಸಂಸ್ಥೆಯವರು ಫೋನ್ ಮಾಡಿದರು. ಡ್ರೈವರಿನ ಕತೆಯನ್ನು ಒಂದಕ್ಷರ ಬಿಡದೆ ಹೇಳಿದೆ. ಆದರೂ ಕಳಿಸಿ ಅಂದೆ. ನೀನೀಗ ಕಾಗದ ಕೆಳಗಿಟ್ಟು ನನಗೆ ಶಾಪ ಹಾಕುತ್ತಿರುತ್ತೀಯ. ಹಾಕು. ನಿನ್ನ ಜಾಗದಲ್ಲಿದ್ದರೆ ನಾನೂ ಅದನ್ನೇ ಕೇಳುತ್ತಿದ್ದೆ, ಅದನ್ನೇ ಮಾಡುತ್ತಿದ್ದೆ.

ಮಗಳು ಮನೆ ಮುಟ್ಟಿದ ಮೇಲೆ ಮೊದಲು ಹೊಟ್ಟೆ ತುಂಬ ಊಟ ಹಾಕು, ಪ್ರಶ್ನೆ ಆಮೇಲೆ ಕೇಳು. ನಿನಗೆ ಅದು ಕಷ್ಟವೆಂದು ಗೊತ್ತು. ದೇವರು ನಿನ್ನ ಮೊಣಕಾಲಿಗೂ ಮನಸ್ಸಿಗೂ ಬಲ ಕೊಡಲಿ. ನಿಮ್ಮವರಿಗೆ ನಮ್ಮಿಬ್ಬರ ವಂದನೆ.

ನಿನ್ನ
ಗೂಬೆ

ತಾ.ಕ. ಮೇಲೆ ಬರೆದದ್ದರಲ್ಲಿ ಸುಳ್ಳಿಲ್ಲ. ಆದರೆ ಒಂದನ್ನು ಬಿಟ್ಟಿದ್ದೇನೆ. ಭಾನುವಾರ ನನ್ನ ಮಗಳು ಊಟಕ್ಕೆ ಬಂದಿದ್ದಳು. ಇದೇ ಊರಿನ ಇನ್ನೊಂದು ತುದಿಯಲ್ಲಿ ಕನ್ನಡಕದ ಅಂಗಡಿಯಲ್ಲಿದ್ದಾಳೆ. ಚರ್ಚಿನ ಸಭೆಗೆ ಬರುವುದನ್ನು ಎಂದೋ ಬಿಟ್ಟಳು, ಅದು ನಿನಗೆ ಗೊತ್ತು. ನಾನು ಹೇಳದೆ ಇದ್ದದ್ದು ಇದು: ಕೈಯಲ್ಲಿ ಮನೆಯ ಕೀಲಿ ಇದ್ದರೂ ಅವಳು ಬೆಲ್ ಒತ್ತಿ ಬಾಗಿಲ ಹೊರಗೆ ನಿಂತಿರುತ್ತಾಳೆ. ಅವತ್ತು ನಿನ್ನ ಮಗಳು, ದೊಡ್ಡಮ್ಮ ಇವತ್ತೂ ಉಪ್ಪು ಮರೆತಿದ್ದೀರಿ ಎಂದು ನನ್ನನ್ನು ಗದರಿ, ಎದ್ದುಹೋಗಿ ತಾನೇ ತಂದುಕೊಂಡಳು. ನನ್ನವಳು, ಚೆನ್ನಾಗಿದೆ ಎಂದು ಸಪ್ಪೆಯದನ್ನೇ ಉಂಡಳು.

ಹೊರಡುವಾಗ ಗೇಟಿನ ಹತ್ತಿರ ಹೇಳಿದಳು, "ಅಮ್ಮ, ಅವಳನ್ನ ಇಟ್ಕೊ. ನಾನು ಚಿಕ್ಕವಳಿದ್ದಾಗ ಬಂದೋರಿಗೆಲ್ಲ ನನ್ನ ಹಾಸಿಗೆ ಕೊಟ್ಟು ನನ್ನನ್ನ ಅಡುಗೆಮನೇಲಿ ಮಲಗಿಸ್ತಿದ್ದೆಯಲ್ಲ, ಆಗ ಬೇಜಾರಾಗ್ತಿತ್ತು. ಈಗ ಆಗಲ್ಲ." ದನಿಯಲ್ಲಿ ಕೋಪವೇ ಇರಲಿಲ್ಲ. ಕೋಪ ಇದ್ದಿದ್ದರೆ ಆ ರಾತ್ರಿ ನಾನು ಊಟ ಮಾಡುತ್ತಿದ್ದೆ.

ಮಾರನೆಯ ಬೆಳಿಗ್ಗೆಯೇ ಸಂಸ್ಥೆಯ ಫೋನ್ ಬಂದದ್ದು. ಇಂಥದ್ದಕ್ಕೆಲ್ಲ ಪ್ರಾರ್ಥನೆ ಮಾಡಿ ಹೇಳುತ್ತೇನೆ ಅನ್ನುವವಳು, ಅವತ್ತು ಕೇಳಿದ ಕೂಡಲೇ ಕಳಿಸಿ ಅಂದುಬಿಟ್ಟೆ. ನಿನ್ನ ಮಗಳು ಇಲ್ಲಿಯ ಕೆಲಸಕ್ಕೆ ಬೇಕೋ, ಉಪ್ಪಿಲ್ಲ ಎಂದು ಗದರುವವರೊಬ್ಬರು ನನಗೆ ಬೇಕೋ, ಎಷ್ಟು ಯೋಚಿಸಿದರೂ ಬಿಡಿಸಿ ಹೇಳಲು ಆಗುತ್ತಿಲ್ಲ. ಅವರ ಕೊನೆಯ ತೀರ್ಮಾನ ತಿಂಗಳ ಕೊನೆಗೆ. ಅಷ್ಟರೊಳಗೆ ನೀನು ಹೇಳಿದರೆ ನನ್ನ ಮಾತು ವಾಪಸ್ ತೆಗೆದುಕೊಳ್ಳುತ್ತೇನೆ. ಮಗಳನ್ನು ಎಂಥವಳ ಮನೆಗೆ ಕಳಿಸುತ್ತಿದ್ದೀಯ ಎಂಬುದು ನಿನಗೆ ಗೊತ್ತಿರಲಿ.