ಮೂಲೆ ಖಾಲಿ ಬಿಟ್ಟ ವೆಬ್‌ಸೈಟ್

ಭಾನುವಾರ, ಹದಿನಾಲ್ಕನೇ ತಾರೀಖು

ಪ್ರೀತಿಯ ಅಣ್ಣ,

ನೀನೂ ಅತ್ತಿಗೆಯೂ ಹೇಗಿದ್ದೀರಿ? ಇಲ್ಲಿ ನಾನು, ಅಮ್ಮ ಇದ್ದೇವೆ. ಊಟ, ನಿದ್ದೆ, ಜಗಳ ಎಲ್ಲಾ ಹೊತ್ತುಹೊತ್ತಿಗೆ ನಡೆಯುತ್ತಿದೆ. ಕಾಗದ ತಡವಾಯಿತು, ಬೈಯಬೇಡ. ನೀನಂತೂ ಫೋನ್ ಎತ್ತುವುದನ್ನೇ ಬಿಟ್ಟಿದ್ದೀಯ. ಅಮ್ಮನ ಮೇಲಿನ ಸಿಟ್ಟಿಗೆ ನನಗ್ಯಾಕಪ್ಪಾ ಶಿಕ್ಷೆ? ಮದುವೆಯಾದ ಹೊಸದರಲ್ಲಿ ಒಂದು ಸಲ ಬಂದವನು ಮತ್ತೆ ಈ ಮನೆ ಕಡೆ ತಲೆ ಹಾಕಿಲ್ಲ. ನೀನು ಬರಬೇಕು ಅಂತ ಕೇಳುವುದಕ್ಕೇ ಬರೆಯುತ್ತಿದ್ದೇನೆ, ಸುಳ್ಳೇಕೆ ಹೇಳಲಿ. ಆದರೆ ಮೊದಲು ಒಂದಿಷ್ಟು ನಗಿಸುತ್ತೇನೆ, ಕೇಳು.

ಅಮ್ಮನಿಗೆ ವೆಬ್‌ಸೈಟ್ ಮಾಡಿಕೊಟ್ಟೆ! "ಊರಿನವರಿಗೆಲ್ಲಾ ಮಾಡಿಕೊಡ್ತೀಯ, ಹೆತ್ತವಳಿಗೆ ಮಾತ್ರ ಇಲ್ಲ" ಅಂತ ಗೊಣಗಿ ಗೊಣಗಿ ನನ್ನ ತಲೆ ತಿಂದಿದ್ದಳು. ಮಂಡಿ ನೋವಂತೆ. ಜನರ ಮನೆಗೆ ಹೋಗಿ ಸೋಫಾ ಅಲ್ಲಿಂದಿಲ್ಲಿಗೆ ಎಳೆಸೋದು, ಕನ್ನಡಿ ಇಳಿಸೋದು ಇನ್ನು ಆಗಲ್ಲವಂತೆ. ಮನೆಯಲ್ಲೇ ಕೂತು ಫೋನಿನಲ್ಲೇ ಆ ಚೀನೀ ವಾಸ್ತು, ಫೆಂಗ್ ಶುಯಿ ಹೇಳ್ತೀನಿ, ಸೈಟನ್ನೂ ಫೆಂಗ್ ಶುಯಿ ಪ್ರಕಾರವೇ ಕಟ್ಟು ಅಂದಳು. ಹೂಂ ಅಂದೆ ನೋಡು, ಅಲ್ಲಿಗೆ ಶುರುವಾಯಿತು ನನ್ನ ಗ್ರಹಚಾರ.

ಮೊದಲ ದಿನವೇ ಲ್ಯಾಪ್‌ಟಾಪ್ ಮೇಲೆ ದಿಕ್ಸೂಚಿ ತಂದಿಟ್ಟಳು. ಸೂಜಿ ಆ ಕಡೆ ಈ ಕಡೆ ಒದ್ದಾಡಿತು. "ಇದರೊಳಗೆ ಅಯಸ್ಕಾಂತ ಇದೆ ಅಮ್ಮ" ಅಂದೆ. "ಇರಲಿ ಬಿಡು, ನಿಮ್ಮಪ್ಪ ಪಕ್ಕದಲ್ಲಿ ಬಂದು ಕೂತಾಗ ನನಗೂ ದಿಕ್ಕು ತಪ್ಪುತ್ತಿತ್ತು" ಅಂದಳು! ಕೊನೆಗೆ ನಕ್ಷೆಯ ಹಾಗೆ ಪರದೆಯ ಮೇಲ್ತುದಿಯೇ ಉತ್ತರ ಅಂತ ರಾಜಿಯಾಯಿತು.

ಪುಟ ತೆರೆದ ಕೂಡಲೇ ನಂಬರ್ ಕೇಳುವ ಒಂದು ಡಬ್ಬಿ ಹಾರಿ ಬರುತ್ತಲ್ಲ, ಅದನ್ನು ಹಾಕಿದ್ದೆ. ಅಮ್ಮ ಹೌಹಾರಿದಳು. "ಬಾಗಿಲಲ್ಲೇ ಒಬ್ಬ ಕೈ ಅಡ್ಡ ಹಿಡಿದು ವಿಚಾರಿಸಿದರೆ ನೀನು ಆ ಮನೆಯೊಳಗೆ ಹೋಗ್ತೀಯಾ? ಚಿ ಒಳಗೆ ಬರಬೇಕು ಕಣೇ, ಅದಕ್ಕೆ ದಾರಿ ಬಿಡು." ಚಿ ಅಂದರೆ ಅವಳ ಲೆಕ್ಕದಲ್ಲಿ ಮನೆಯೊಳಗೆ ಓಡಾಡುವ ಜೀವಶಕ್ತಿ. ನಾನು ಡಬ್ಬಿ ಕಿತ್ತುಹಾಕಿದೆ. ನಿಜ ಹೇಳಬೇಕೆಂದರೆ ಪುಟಕ್ಕೆ ಉಸಿರು ಬಂದ ಹಾಗಾಯಿತು.

ಆಮೇಲೆ ತಿಳಿ ಬೂದು ಅಕ್ಷರ "ಸತ್ತ ಬಣ್ಣ" ಆಯಿತು, ಹಳದಿ ಮೇಲೆ ಕಡುಗಪ್ಪು ಬಂತು. ಅಕ್ಷರ ಕುಂಬಳಕಾಯಿ ಗಾತ್ರ! ಇಷ್ಟೆಲ್ಲಾ ಆದಮೇಲೆ, "ಅಂಚಿನಲ್ಲಿ ಏನೂ ಬೇಡ. ಎಲ್ಲಾ ನಟ್ಟನಡುವೆ, ಒಂದರ ಕೆಳಗೊಂದು" ಅಂದಳು. "ಎಡಗಡೆ ಕೆಳಗಿನದು ನೈಋತ್ಯ, ಸಂಬಂಧದ ಮೂಲೆ, ಖಾಲಿ ಬಿಡಬಾರದು ಅಂತ ನೀನೇ ಊರಿಗೆಲ್ಲಾ ಹೇಳಿಕೊಂಡು ಬಂದೆಯಲ್ಲ?" ಅಂತ ಹಿಡಿದೆ. "ಮನೆ ಶಾಸ್ತ್ರ ಬೇರೆ, ಪರದೆ ಶಾಸ್ತ್ರ ಬೇರೆ" ಅಂತ ನುಣುಚಿಕೊಂಡಳು. ಯಾವಾಗ ಬರೆದರೋ ಆ ಶಾಸ್ತ್ರ! ಬಾಯಿ ಮುಚ್ಚಿಕೊಂಡು ನಾಲ್ಕೂ ಮೂಲೆ ಖಾಲಿ ಬಿಟ್ಟೆ.

ನಂಬ್ತೀಯೋ ಬಿಡ್ತೀಯೋ, ನಾನು ಮಾಡಿದ ಸೈಟುಗಳಲ್ಲೆಲ್ಲಾ ಇದೇ ಚೆನ್ನಾಗಿದೆ. ನಮ್ಮ ಬೀದಿಯ ಹಲ್ಲಿನ ಡಾಕ್ಟರು ನೋಡಿ, "ನನ್ನ ವಯಸ್ಸಾದ ಪೇಷಂಟುಗಳಿಗೆ ಇಂಥದ್ದೇ ಬೇಕು, ಆ ಫೆಂಗ್ ಶುಯಿ ಹಾಕೇ ಮಾಡಿಕೊಡಿ" ಅಂದರು. ಅಮ್ಮನಿಗೆ ಮೊದಲ ಗಿರಾಕಿಯ ಫೋನ್ ಬಂದಾಗ ನೀನು ಇರಬೇಕಿತ್ತು. ಗಂಭೀರವಾಗಿ ಮಾತಾಡಿ ಮುಗಿಸಿ, ಫೋನ್ ಇಟ್ಟು, ನನ್ನ ಎರಡೂ ಕೈ ಹಿಡಿದು ಗಿರಗಿರ ತಿರುಗಿಸಿಬಿಟ್ಟಳು. ಮಂಡಿ ನೋವು ಎಲ್ಲಿ ಹೋಯಿತೋ! ನನಗೆ ಖುಷಿಯಲ್ಲಿ ಅಳುವೇ ಬಂತು.

ಅತ್ತಿಗೆಗೆ ನನ್ನ ನೆನಪು ಹೇಳು. ಅಮ್ಮ ಇಬ್ಬರಿಗೂ ಆಶೀರ್ವಾದ ಹೇಳಿದ್ದಾಳೆ. ಸಿಟ್ಟಿದ್ದರೆ ಇರಲಿ, ಆಶೀರ್ವಾದ ಬೇಡ ಅನ್ನಬೇಡ.

ನಿನ್ನ ಜಗಳಗಂಟಿ
ತಂಗಿ

ತಾ.ಕ.: ಅಣ್ಣ, ಇದನ್ನು ಬರೆಯಬೇಡ ಅಂದಿದ್ದಾಳೆ, ಬರೆಯುತ್ತೇನೆ. ಶುಕ್ರವಾರ ಅಮ್ಮ ತೆರೆದಿದ್ದ ಕಪಾಟಿನ ಬಾಗಿಲಿಗೆ ಹಣೆ ಹೊಡೆಸಿಕೊಂಡಳು. ಬಲವಂತ ಮಾಡಿ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಎರಡೂ ಕಣ್ಣಿಗೆ ಪಕ್ಕದ್ದು ಕಾಣುವುದೇ ಇಲ್ಲವಂತೆ. ಕೊಳವೆಯೊಳಗಿಂದ ನೋಡಿದ ಹಾಗೆ ನೇರ ಎದುರಿಗಿದ್ದಷ್ಟೇ ಕಾಣುತ್ತದಂತೆ. ಹೋದದ್ದು ಬರಲ್ಲ, ಉಳಿದದ್ದನ್ನು ಔಷಧಿ ಹಾಕಿ ಉಳಿಸಿಕೊಳ್ಳಬೇಕು ಅಂದರು. ಅಮ್ಮನಿಗೆ ನಿಮ್ಮ ಮದುವೆಗೂ ಮುಂಚೆಯೇ ಗೊತ್ತಿತ್ತು. "ಕಣ್ಣಿಲ್ಲದವಳನ್ನ ಮನೆ ನೋಡೋಕೆ ಯಾರು ಕರೀತಾರೆ?" ಅಂತ ಬಾಯಿ ಬಿಟ್ಟಿರಲಿಲ್ಲ. ಮಂಡಿಯೂ ಸುಳ್ಳು, ಪರದೆ ಶಾಸ್ತ್ರವೂ ಸುಳ್ಳು.

ನೀವು ಬಂದ ಅವತ್ತು ಬಾಗಿಲಲ್ಲಿ ಅತ್ತಿಗೆ ಅಮ್ಮನ ಪಕ್ಕದಲ್ಲೇ ನಿಂತು ಹೂ ಚಾಚಿದರು, ಅಮ್ಮ ತಿರುಗಿಯೂ ನೋಡದೆ ಒಳಗೆ ಹೋದಳು, ಹೆಂಡತಿಗೆ ಹೀಗೆ ಅವಮಾನ ಮಾಡಿದ ಮನೆ ಬೇಡ ಅಂದೆಯಲ್ಲ? ನಿನ್ನೆ ಅಮ್ಮನನ್ನು ಕೇಳಿದೆ. ಸೊಸೆಗೆ ತಾನು ಹಿಡಿಸಲಿಲ್ಲ, ಅದಕ್ಕೇ ನೀನು ಬರುತ್ತಿಲ್ಲ ಅಂತ ಇಷ್ಟು ದಿನ ಅಂದುಕೊಂಡಿದ್ದಾಳೆ. ಹೂವಿನ ವಿಷಯ ಹೇಳಿದಾಗ, "ಹೂವು ತಂದಿದ್ದಳಾ?" ಅಂದಳು.