ವಾಲಿದ ಲಾರ್ಚ್ ಮರ

ಅಲ್ದಾನ್ ದಂಡೆ, ಸೆಪ್ಟೆಂಬರ್

ಪ್ರಿಯ ಗೆವಾನ್,

ಆಸ್ಪತ್ರೆಯಲ್ಲಿ ಔಷಧಿ ತಪ್ಪಿಸುತ್ತಿಲ್ಲ ತಾನೇ? ಇಲ್ಲಿ ಬೇಸಿಗೆಗೆ ನೆಲದಡಿಯ ಮಂಜುಗಡ್ಡೆ ಕರಗಿ, ನದಿಯಂಚಿನ ಲಾರ್ಚ್ ಮರಗಳೆಲ್ಲ ವಾಲಿವೆ. "ಕುಡಿದು ಬಂದ ನೆಂಟರ ಹಾಗೆ ನಿಂತಿವೆ ನೋಡೇ," ಎಂದು ಅತ್ತೆ ನಕ್ಕರು. ನಮ್ಮ ಮಗು ಐಯಾನಾಳನ್ನು ಮಣ್ಣು ಮಾಡಿದ್ದ ಮರದ ಬುಡದಲ್ಲೂ ನೀರು ಕಂಡಾಗ ಗುದ್ದಲಿ ತಂದು ಅಗೆದರು.

"ಗೆವಾನ್‌ನ ಕೇಳ್ತಾ ಕೂರೋಕೆ ಹೊತ್ತಿಲ್ಲ. ಪೆಟ್ಟಿಗೆ ಎತ್ಕೋ," ಎಂದರು.

ಅವಳ ಪುಟ್ಟ ಶವಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ಹಿಮಸಾರಂಗವೇರಿದೆ. ದಾರಿಯುದ್ದಕ್ಕೂ ಹೊಂಬಣ್ಣದ ಸೂಜಿಯೆಲೆಗಳು ಸದ್ದಿಲ್ಲದೆ ಉದುರುತ್ತಿದ್ದವು. ಅವಳು ನಿದ್ದೆಯಲ್ಲಿದ್ದಾಳೆ ಅನಿಸಿ ಮೆಲ್ಲಗೆ ನಡೆಸಿದೆ. ಬಂಡೆಗುಡ್ಡದ ಪೈನ್ ಮರದಡಿ ಮಲಗಿಸಿದೆವು. ಅಲ್ಲಿ ನೆಲ ಗಟ್ಟಿಯಿದೆ.

ಗುಣವಾದ ಮೇಲೆ ನದಿಯ ದಾರಿ ಹಿಡಿಯಬೇಡ, ಕಾಲು ಹೂತುಹೋಗುತ್ತದೆ. ಗುಡ್ಡದ ಕಡೆಯಿಂದ ಬಾ. ನಮಗಿಂತ ಮೊದಲು ಅವಳೇ ಸಿಗುತ್ತಾಳೆ.

ನಿನ್ನ
ಸುಲಕಿ